ಕ್ರಿಚ್ ಟ್ರಾಮ್ ಮ್ಯೂಸಿಯಂ: ಮೊದಲು ವರ್ಕ್‌ಶಾಪ್ ನೋಡಿ, ಆಮೇಲೆ ಗಾಡಿ ಹತ್ತಿ

ಕೋಲಾರ, ಕೆಜಿಎಫ್, ಚಿಂತಾಮಣಿ ಕಡೆಯಿಂದ ಮಗನ ಮನೆಗೋ ಮಗಳ ಬಾಣಂತನಕ್ಕೋ ಇಂಗ್ಲೆಂಡಿಗೆ ಹೋಗಿಬರುವವರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಯಂತ್ರದ ಹುಚ್ಚು ಇರುವವರು, ಅದರಲ್ಲೂ ಗಣಿಯಲ್ಲೋ ಬೆಮೆಲ್‌ನಲ್ಲೋ ರೈಲ್ವೆಯಲ್ಲೋ ದುಡಿದು ನಿವೃತ್ತರಾದವರು, ಒಂದು ದಿನ ಬಿಡುವು ಮಾಡಿಕೊಂಡು ಡರ್ಬಿಶೈರ್‌ನ ಕ್ರಿಚ್ ಹಳ್ಳಿಗೆ ಹೋಗಲೇಬೇಕು. ಅಲ್ಲಿ ಗುಡ್ಡದ ಮೇಲೆ, ಹಳೆಯ ಸುಣ್ಣಕಲ್ಲಿನ ಕ್ವಾರಿಯೊಳಗೆ, ಟ್ರಾಮ್‌ವೇ ಮ್ಯೂಸಿಯಂ ಸೊಸೈಟಿ ಎಂಬ ಸಂಘ ನೂರು ವರ್ಷ ದಾಟಿದ ಟ್ರಾಮ್‌ಗಳನ್ನು, ಅಂದರೆ ಊರ ಬೀದಿಯ ಹಳಿಯ ಮೇಲೆ ಓಡುತ್ತಿದ್ದ ಗಾಡಿಗಳನ್ನು, ಉಳಿಸಿಕೊಂಡು ಬಂದಿದೆ. ಉಳಿಸಿಕೊಂಡಿದೆ ಅಂದರೆ ಗಾಜಿನ ಹಿಂದೆ ನಿಲ್ಲಿಸಿದೆ ಅಂತಲ್ಲ. ತಂತಿಯಲ್ಲಿ ಕರೆಂಟ್ ಇರುತ್ತದೆ, ಗಾಡಿ ಓಡುತ್ತದೆ, ನೀವು ಹತ್ತಬಹುದು. ಓಡಿಸುವವರು, ಟಿಕೆಟ್ ಕೊಡುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು.

ಒಳಗೆ ಹೋದವರೆಲ್ಲ ನೇರ ಟ್ರಾಮ್ ಸ್ಟಾಪಿಗೆ ಓಡುತ್ತಾರೆ. ನಮ್ಮ ಸಲಹೆ ಬೇರೆ: ಮೊದಲು ವರ್ಕ್‌ಶಾಪಿನ ಮೇಲಿನ ಗ್ಯಾಲರಿಗೆ ಹೋಗಿ. ಅಲ್ಲಿಂದ ಕೆಳಗೆ ಬಿಚ್ಚಿಟ್ಟ ಗಾಡಿಗಳು ಕಾಣುತ್ತವೆ. ಅರ್ಧ ಗಂಟೆ ಅಲ್ಲಿ ನಿಂತು ನೋಡಿ ಆಮೇಲೆ ಗಾಡಿ ಹತ್ತಿದರೆ ಕಾಲಡಿಯ ಪ್ರತಿ ಸದ್ದೂ ಅರ್ಥವಾಗುತ್ತದೆ. ಶನಿವಾರ, ಭಾನುವಾರಕ್ಕಿಂತ ವಾರದ ನಡುವೆ ಹೋದರೆ ಕೆಲಸ ನಡೆಯುವುದು ಕಾಣುವ ಸಾಧ್ಯತೆ ಹೆಚ್ಚು.

ಸಂಘದ ಹುಟ್ಟನ್ನು ಚುಟುಕಾಗಿ ಹೇಳಿಬಿಡೋಣ. 1948ರಲ್ಲಿ ಸೌತಾಂಪ್ಟನ್ ಊರಿನ ಟ್ರಾಮ್‌ಗಳು ಮುಗಿಯುವ ಹೊತ್ತಿಗೆ ಕೆಲವು ಆಸಕ್ತರು ವಿದಾಯದ ಸುತ್ತು ಹೋದರು. ಹೋದವರು 45ನೇ ನಂಬರಿನ ಗಾಡಿಯನ್ನು 10 ಪೌಂಡ್ ಕೊಟ್ಟು ಕೊಂಡುಕೊಂಡರು. ಅದು 1903ರ ಗಾಡಿ, ಅಂದರೆ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂದ ಮರುವರ್ಷ ತಯಾರಾದದ್ದು. ಸೌತಾಂಪ್ಟನ್‌ನ ಬಾರ್‌ಗೇಟ್ ಎಂಬ ಹಳೇ ಕೋಟೆ ಬಾಗಿಲಿನ ತಗ್ಗು ಕಮಾನಿನಡಿ ನುಸುಳಬೇಕಾದ್ದರಿಂದ ಮೇಲ್ಮಹಡಿಗೆ ಚಾವಣಿಯಿಲ್ಲ. ಅಲ್ಲಿ ಜನ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಉದ್ದನೆಯ ಬೆಂಚು. ಕೊಂಡದ್ದೇನೋ ಆಯಿತು, ನಿಲ್ಲಿಸಲು ಜಾಗವಿರಲಿಲ್ಲ. ಊರೂರು ಅಲೆದು ಅದು ಕ್ರಿಚ್ ಸೇರಿದ್ದು 1960ರಲ್ಲಿ. ಸಂಘ ರೂಪುಗೊಂಡದ್ದು 1955ರಲ್ಲಿ, ಕ್ವಾರಿಯ ಜಾಗ ಸಿಕ್ಕಿದ್ದು 1959ರಲ್ಲಿ. ಹಳಿ ಹಾಕಿ 1963ರಲ್ಲಿ ಕುದುರೆ ಟ್ರಾಮ್ ಓಡಿಸಿದರು, 1964ರಲ್ಲಿ ಕರೆಂಟಿನದು. ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ವರ್ಕ್‌ಶಾಪ್. ಟ್ರಾಮ್ ಅಂದರೆ ಮೂರು ಬೇರೆ ಬೇರೆ ಕಸುಬು ಒಂದೇ ಗಾಡಿಯಲ್ಲಿ ಸೇರಿದ್ದು: ಮರಗೆಲಸ, ಚಕ್ರ ಮತ್ತು ಅಚ್ಚಿನ ಕೆಲಸ, ಮೋಟಾರ್ ಕೆಲಸ.

ಮರದಲ್ಲಿ ಕೈಕೊಡುವುದು ಯಾವಾಗಲೂ ಮೂಲೆಗಳಲ್ಲಿ. ಕಿಟಕಿಯ ಸಂದಿನಿಂದ ಇಳಿದ ನೀರು ಕಂಬದ ಬುಡದಲ್ಲಿ, ತಳದ ಚೌಕಟ್ಟಿಗೆ ಸೇರುವ ಜಾಗದಲ್ಲಿ ನಿಲ್ಲುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಮರ ಪುಡಿಯಾಗಿರುತ್ತದೆ. ಜೊತೆಗೆ ಅಲ್ಲಿನ ಕಬ್ಬಿಣದ ಬ್ರಾಕೆಟ್ ತುಕ್ಕು ಹಿಡಿದು ಊದಿ ಮರವನ್ನು ಸೀಳಿರುತ್ತದೆ. ಹಾಗಾಗಿ ಪುನರುಜ್ಜೀವನ ಅಂದರೆ ಹೊರಗಿನ ಹಲಗೆ ಕಿತ್ತು, ಕೊಳೆತ ಕಂಬದ ತುಂಡನ್ನಷ್ಟೇ ಓರೆಯಾಗಿ ಕತ್ತರಿಸಿ ಹೊಸ ಮರ ಬೆಸೆಯುವುದು. ಪೂರ್ತಿ ಕಂಬ ಬದಲಿಸುವುದು ಸುಲಭ, ಆದರೆ ಹಾಗೆ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಹೊಸ ಗಾಡಿ. ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನವೇ ಈ ಕೆಲಸದ ಕಷ್ಟ. ಎಷ್ಟೋ ಟ್ರಾಮ್‌ಗಳು ಸೇವೆ ಮುಗಿದ ಮೇಲೆ ಚಕ್ರ ಕಳಚಿಸಿಕೊಂಡು ಶೆಡ್ಡಾಗಿ, ವಾಸದ ಮನೆಯಾಗಿ ಮಾರಾಟವಾಗಿದ್ದವು. 1904ರ ಚೆಸ್ಟರ್‌ಫೀಲ್ಡ್ 7 ಅಂಥ ಒಂದು ಗಾಡಿ. ಅಂಥವಕ್ಕೆ ಮೇಲ್ಗಡೆ ಮಾತ್ರ ಸಿಕ್ಕಿರುತ್ತದೆ, ಕೆಳಗಿನ ಚಕ್ರದ ಚೌಕಟ್ಟು, ಮೋಟಾರು, ಮೋಟಾರಿಗೆ ಕರೆಂಟ್ ಏರಿಳಿಸುವ ಕಂಟ್ರೋಲರ್ ಎಲ್ಲವನ್ನೂ ಬೇರೆ ಕಡೆಯಿಂದ ಹುಡುಕಬೇಕು, ಸಿಗದಿದ್ದರೆ ಮಾಡಬೇಕು.

ಚಕ್ರಕ್ಕೆ ಬರೋಣ. ಟ್ರಾಮ್ ಚಕ್ರ ಸುಮಾರು 32 ಇಂಚು ವ್ಯಾಸದ್ದು, ಅದರ ಮೇಲೆ ಉಕ್ಕಿನ ಟೈರ್. ನಮ್ಮ ಕಡೆ ಕಮ್ಮಾರರು ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವ ರೀತಿಯೇ ಇದು, ಅಳತೆ ಮಾತ್ರ ಕೂದಲೆಳೆಯಷ್ಟು ನಿಖರ. ಟೈರಿನ ಒಳವ್ಯಾಸವನ್ನು ಚಕ್ರಕ್ಕಿಂತ ಹೆಚ್ಚೂಕಡಿಮೆ ಸಾವಿರಕ್ಕೊಂದು ಪಾಲು ಕಿರಿದಾಗಿ ಕೊರೆಯುತ್ತಾರೆ, ಅಂದರೆ ಇಷ್ಟು ದೊಡ್ಡ ಚಕ್ರಕ್ಕೆ 0.8 ಮಿಲಿಮೀಟರ್ ಆಸುಪಾಸು. ಟೈರನ್ನು ಸುತ್ತಲೂ ಸಮನಾಗಿ ಇನ್ನೂರು ಇನ್ನೂರೈವತ್ತು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಎರಡು ಮಿಲಿಮೀಟರ್‌ನಷ್ಟು ಹಿಗ್ಗುತ್ತದೆ, ಆಗ ಚಕ್ರ ಸಲೀಸಾಗಿ ಒಳಗೆ ಕೂರುತ್ತದೆ, ಆರಿದ ಮೇಲೆ ಕಚ್ಚಿ ಹಿಡಿಯುತ್ತದೆ. ಬಿಗಿ ಕಡಿಮೆಯಾದರೆ ಬ್ರೇಕಿನ ಬಿಸಿಗೆ ಟೈರ್ ಸಡಿಲಾಗಿ ಚಕ್ರದ ಮೇಲೆ ಜಾರುತ್ತದೆ. ಬಿಗಿ ಅತಿಯಾದರೆ ಚಳಿಗಾಲದ ಒಂದು ಬೆಳಗ್ಗೆ ಬಿರುಕು ಬಿಡುತ್ತದೆ. ಇದನ್ನು ತಿಳಿದ ಲೇತ್ ಕೆಲಸಗಾರನಿಲ್ಲದೆ ಯಾವ ಟ್ರಾಮ್ ಸಂಘವೂ ಬಾಳುವುದಿಲ್ಲ.

ಕ್ರಿಚ್ ಹಳಿಯ ಅಗಲ 4 ಅಡಿ 8½ ಇಂಚು. ಗ್ಲಾಸ್ಗೋ ಊರಿನ ಟ್ರಾಮ್ ಹಳಿ ಮಾತ್ರ 4 ಅಡಿ 7¾ ಇಂಚು ಇತ್ತು. ರೈಲ್ವೆ ವ್ಯಾಗನ್‌ಗಳು ಬೀದಿಯ ಹಳಿಯ ಮೇಲೂ ತಮ್ಮ ಚಕ್ರದ ಚಾಚಿದ ಅಂಚಿನ (ಫ್ಲ್ಯಾಂಜ್) ಮೇಲೆ ಉರುಳಿಕೊಂಡು ಹೋಗಲಿ ಎಂಬ ಲೆಕ್ಕಾಚಾರ ಅದು. ಬರೀ ಮುಕ್ಕಾಲು ಇಂಚು! ಆದರೆ ಆ ಮುಕ್ಕಾಲು ಇಂಚಿಗಾಗಿ ಗ್ಲಾಸ್ಗೋ ಗಾಡಿ ಪ್ರತಿಯೊಂದರ ಚಕ್ರದ ಅಂತರವನ್ನೂ ಬದಲಿಸಬೇಕಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇಂಥ ಕೆಲಸ ಕಾಣುವುದೇ ಇಲ್ಲ.

ಮೋಟಾರು ನಮ್ಮ ಜಿಲ್ಲೆಯವರಿಗೆ ವಿಶೇಷ ಆಸಕ್ತಿ ಹುಟ್ಟಿಸುವ ಭಾಗ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ತಾಲ್ಲೂಕಿಗೆ ಹತ್ತಾರು ರೀವೈಂಡಿಂಗ್ ಅಂಗಡಿಗಳಿವೆ, ಬೋರ್‌ವೆಲ್ ಮೋಟಾರ್ ಸುತ್ತುವುದರಲ್ಲಿ ನಮ್ಮವರು ಎತ್ತಿದ ಕೈ. ಆದರೆ ಬೋರ್‌ವೆಲ್ ಮೋಟಾರಿನಲ್ಲಿ ವೈಂಡಿಂಗ್ ಇರುವುದು ಸುಮ್ಮನೆ ಕೂರುವ ಸ್ಟೇಟರ್‌ನಲ್ಲಿ. ಟ್ರಾಮ್ ಮೋಟಾರ್ ಡಿಸಿ, ಅದರಲ್ಲಿ ವೈಂಡಿಂಗ್ ಹೊತ್ತ ಒಳಭಾಗ, ಅಂದರೆ ಆರ್ಮೇಚರ್, ತಾನೇ ತಿರುಗುತ್ತದೆ. ಕಾಯಿಲ್‌ಗಳನ್ನು ಮೊದಲೇ ಅಚ್ಚಿನಲ್ಲಿ ಆಕಾರಕ್ಕೆ ತಂದು, ಸುತ್ತಿ, ಸ್ಲಾಟಿಗೆ ಕೂರಿಸಿ, ಮೇಲೆ ಬಿಗಿಯಾಗಿ ತಂತಿಯ ಪಟ್ಟಿ ಕಟ್ಟಬೇಕು. ಇಲ್ಲದಿದ್ದರೆ ತಿರುಗುವ ರಭಸಕ್ಕೆ ಕಾಯಿಲ್ ಹೊರಗೆ ಎದ್ದು ಬರುತ್ತದೆ. ವಾರ್ನಿಷ್‌ನಲ್ಲಿ ಅದ್ದಿ ಓವನ್‌ನಲ್ಲಿ ಬೇಯಿಸಬೇಕು. ಆಮೇಲೆ ಕಮ್ಯುಟೇಟರ್, ಅಂದರೆ ಬ್ರಷ್‌ನಿಂದ ಆರ್ಮೇಚರಿಗೆ ಕರೆಂಟ್ ದಾಟಿಸುವ ಉರುಳೆ: ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ತಾಮ್ರದ ಮಟ್ಟಕ್ಕಿಂತ ಒಂದು ಗೀರಿನಷ್ಟು ಕೆಳಗೆ ಕೊರೆದಿರಬೇಕು. ತಾಮ್ರ ಬೇಗ ಸವೆಯುತ್ತದೆ, ಮೈಕಾ ಸವೆಯುವುದಿಲ್ಲ. ಕೊರೆಯದೆ ಬಿಟ್ಟರೆ ಮೈಕಾ ಮೇಲೆದ್ದು ಕಾರ್ಬನ್ ಬ್ರಷ್ ಕುಣಿಯುತ್ತದೆ, ಕಿಡಿ ಹಾರುತ್ತದೆ, ಕೊನೆಗೆ ಕಮ್ಯುಟೇಟರ್ ಸುಟ್ಟು ಕರಿಯಾಗುತ್ತದೆ. ತಿಂಗಳುಗಟ್ಟಲೆ ನಿಂತ ಮೋಟಾರಿಗೆ ತೇವ ಇನ್ನೊಂದು ಶತ್ರು. ಚಳಿಗಾಲ ಕಳೆದು ಗಾಡಿ ಹೊರಗೆ ತೆಗೆಯುವ ಮುಂಚೆ ಇನ್ಸುಲೇಷನ್ ಅಳೆಯದೆ 600 ವೋಲ್ಟ್ ಕೊಟ್ಟರೆ ಒಂದೇ ಏಟಿಗೆ ಆರ್ಮೇಚರ್ ಹೋಗುತ್ತದೆ. ಇಂಥ ಮೋಟಾರಿನ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮರದ ಅಚ್ಚು ಮಾಡಿ, ಎರಕ ಹೊಯ್ಸಿ, ಲೇತಿಗೆ ಹಾಕಿ ತಯಾರಿಸಬೇಕು.

ಅಷ್ಟು ನೋಡಿಕೊಂಡು ಈಗ ಗಾಡಿ ಹತ್ತಿ. ಒಳಗೆ ಬರುವಾಗಲೇ ಟಿಕೆಟ್ ಕೌಂಟರಿನಲ್ಲಿ ದೊಡ್ಡವರಿಗೆ ಒಂದು ಹಳೇ ಪೆನ್ನಿ, ಮಕ್ಕಳಿಗೆ ಅರ್ಧ ಪೆನ್ನಿ ಕೊಡುತ್ತಾರೆ. 1971ಕ್ಕೆ ಮುಂಚಿನ ಅಗಲವಾದ ಕಂಚಿನ ನಾಣ್ಯ ಅದು. ಅದನ್ನು ಕಂಡಕ್ಟರಿಗೆ ಕೊಟ್ಟು ಟಿಕೆಟ್ ಪಡೆದರೆ ಆ ದಿನ ಎಷ್ಟು ಸಲ ಬೇಕಾದರೂ ಓಡಾಡಬಹುದು. ಮಕ್ಕಳಿಗೆ ಇದಕ್ಕಿಂತ ಖುಷಿ ಕೊಡುವುದು ಅಲ್ಲಿ ಬೇರೊಂದಿಲ್ಲ. ಹಳಿ ಟೌನ್ ಎಂಡ್‌ನಿಂದ ಹೊರಟು, ಬೋಸ್-ಲಯನ್ ಸೇತುವೆಯ ಕಮಾನಿನಡಿ ನುಸುಳಿ, ವೇಕ್‌ಬ್ರಿಡ್ಜ್ ದಾಟಿ ಗ್ಲೋರಿ ಮೈನ್‌ವರೆಗೆ, ಸುಮಾರು ಒಂದು ಮೈಲಿ. ಹೆಸರೇ ಹೇಳುವಂತೆ ಅದು ಗಣಿ ನಾಡು. ವೇಕ್‌ಬ್ರಿಡ್ಜ್‌ನಲ್ಲಿ ಇಳಿದರೆ ಸೀಸದ ಗಣಿಗಾರಿಕೆಯ ಪ್ರದರ್ಶನವಿದೆ. ಕೆಜಿಎಫ್‌ನವರು ಅಲ್ಲಿ ಇಳಿಯದೆ ಬರಬೇಡಿ.

ಕೂರುವುದಾದರೆ ಡ್ರೈವರ್ ಕೈ ಕಾಣುವ ಜಾಗ ಹಿಡಿಯಿರಿ. ಎದುರಿಗೆ ಎದೆಯೆತ್ತರದ ಕಂಟ್ರೋಲರ್, ಮೇಲೆ ಹಿತ್ತಾಳೆಯ ಹಿಡಿಕೆ. ಸಾಮಾನ್ಯವಾಗಿ ಎರಡು ಮೋಟಾರ್ ಇರುತ್ತವೆ. ಹಿಡಿಕೆ ಹಂತಹಂತವಾಗಿ ನಿಲ್ಲುವ ಜಾಗಕ್ಕೆ ನಾಚ್ ಅನ್ನುತ್ತಾರೆ. ಮೊದಲ ನಾಲ್ಕು ನಾಚ್‌ಗಳಲ್ಲಿ ಅವೆರಡೂ ಸೀರೀಸ್‌ನಲ್ಲಿ (ಒಂದರ ಹಿಂದೊಂದು), ಮುಂದಿನವುಗಳಲ್ಲಿ ಪ್ಯಾರಲಲ್‌ನಲ್ಲಿ (ಅಕ್ಕಪಕ್ಕ). ಮೊದಲ ನಾಚ್‌ಗಳಲ್ಲಿ ಕರೆಂಟು ರೆಸಿಸ್ಟೆನ್ಸ್ ಮೂಲಕ ಹರಿಯುತ್ತದೆ, ಆ ರೆಸಿಸ್ಟೆನ್ಸ್ ಕೆಲವೇ ಕ್ಷಣ ತಡೆಯುವಂತೆ ಮಾಡಿದ್ದು. ಅನುಭವವಿಲ್ಲದವರು ಮೆಲ್ಲಗೆ ಹೋಗೋಣ ಅಂತ ಎರಡನೇ ನಾಚಿನಲ್ಲೇ ಎಳೆಯುತ್ತ ಹೋದರೆ ಸೀಟಿನಡಿ ಸುಟ್ಟ ವಾಸನೆ ಬರುತ್ತದೆ. ಪಳಗಿದ ಡ್ರೈವರ್ ಒಂದೊಂದೇ ನಾಚ್ ಏರಿಸಿ ಪೂರ್ತಿ ಸೀರೀಸ್‌ಗೆ ಬಂದು, ವೇಗ ಕೂಡಿದ ಮೇಲೆ ಆಫ್ ಮಾಡಿ ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಡುತ್ತಾರೆ. ಏರಿಸುವಾಗ ನಾಚಿನಿಂದ ನಾಚಿಗೆ ತಡೆದು, ಇಳಿಸುವಾಗ ಮಾತ್ರ ಒಂದೇ ಎಳೆತಕ್ಕೆ ಸೊನ್ನೆಗೆ ತರಬೇಕು. ನಿಧಾನ ಮಾಡಿದರೆ ಒಳಗಿನ ತಾಮ್ರದ ಬೆರಳುಗಳ ನಡುವೆ ಆರ್ಕ್ ಎದ್ದು ಅವು ಸುಡುತ್ತವೆ. ಕಿವಿಗೊಟ್ಟು ಕೇಳಿದರೆ ಆ ‘ಟಕ್’ ಗೊತ್ತಾಗುತ್ತದೆ.

ಅದೇ ಹಿಡಿಕೆಯನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ ಬ್ರೇಕ್. ಆಗ ಮೋಟಾರುಗಳೇ ಡೈನಮೋ ಆಗುತ್ತವೆ, ಹುಟ್ಟಿದ ಕರೆಂಟನ್ನು ರೆಸಿಸ್ಟೆನ್ಸಿನಲ್ಲಿ ಸುಟ್ಟು ಗಾಡಿ ನಿಧಾನವಾಗುತ್ತದೆ. ಲೈನಿನಲ್ಲಿ ಕರೆಂಟ್ ಹೋದರೂ ಇದು ಕೆಲಸ ಮಾಡುತ್ತದೆ ಎಂಬುದು ಇದರ ದೊಡ್ಡ ಗುಣ. ದೋಷವೂ ಇದೆ: ಚಕ್ರ ತಿರುಗಿದರೆ ಮಾತ್ರ ಬ್ರೇಕ್ ಹುಟ್ಟುತ್ತದೆ. ಪೂರ್ತಿ ನಿಲ್ಲಿಸಲು, ನಿಂತ ಗಾಡಿಯನ್ನು ಹಿಡಿದಿಡಲು ಕೈಬ್ರೇಕ್ ಬೇಕೇ ಬೇಕು. ಶರತ್ಕಾಲದಲ್ಲಿ ಒದ್ದೆ ಎಲೆ ಹಳಿಗೆ ಅಂಟಿ ಚಕ್ರ ಜಾಮ್ ಆಗಿ ಜಾರಿದರೆ, ತಿರುಗದ ಮೋಟಾರ್ ಕರೆಂಟ್ ಕೊಡುವುದಿಲ್ಲ, ಬ್ರೇಕ್ ಮಾಯ. ಚಕ್ರ ಮತ್ತೆ ಹಳಿ ಹಿಡಿದು ತಿರುಗಿದ ಕೂಡಲೇ ಬ್ರೇಕ್ ಜಗ್ಗನೆ ವಾಪಸ್. ಅದಕ್ಕೇ ಡ್ರೈವರ್ ಕಾಲ ಬಳಿ ಮರಳು ಬಿಡುವ ಪೆಡಲ್ ಇರುತ್ತದೆ. ಆ ಮರಳು ಒಣಗಿರಬೇಕು. ತೇವವಿದ್ದರೆ ಕೊಳವೆಯಲ್ಲೇ ಗಟ್ಟಿಯಾಗಿ, ಬೇಕಾದ ಹೊತ್ತಿಗೆ ಒಂದು ಕಾಳೂ ಬೀಳುವುದಿಲ್ಲ. ಹೀಗೆ ಜಾರಿದ ಚಕ್ರದಲ್ಲಿ ಚಪ್ಪಟೆ ಮಚ್ಚೆ ಬೀಳುತ್ತದೆ. ಓಡುವಾಗ ಟಪ್ ಟಪ್ ಅಂತ ಒಂದೇ ಸಮನೆ ಸದ್ದು ಬಂದರೆ ಅದೇ. ಮತ್ತೆ ಲೇತಿಗೇ ಹೋಗಬೇಕು.

ಗ್ಲೋರಿ ಮೈನ್‌ನಲ್ಲಿ ಇಳಿದು ಕಂಡಕ್ಟರ್ ಟ್ರಾಲಿ ಕಂಬ ತಿರುಗಿಸುವುದನ್ನು ನೋಡಿ. ಛಾವಣಿಯ ಮೇಲಿನ ಆ ಕಂಬ ಸ್ಪ್ರಿಂಗ್ ಬಲದಿಂದ ತಂತಿಗೆ ಒತ್ತಿಕೊಂಡು ಯಾವಾಗಲೂ ಹಿಂದಕ್ಕೆ ವಾಲಿರಬೇಕು. ವಾಪಸ್ ಹೋಗುವಾಗ ತಿರುಗಿಸದೆ ತಳ್ಳಿಕೊಂಡು ಹೋದರೆ ತಂತಿ ಕವಲೊಡೆಯುವ ಕಡೆ ಸಿಕ್ಕಿ ಕಂಬ ಬಾಗುತ್ತದೆ, ಇಲ್ಲವೇ ತಂತಿಯನ್ನೇ ಎಳೆದು ಕೆಡವುತ್ತದೆ. ಯೂರೋಪಿನ ಗಾಡಿಗಳಲ್ಲಿ ತಂತಿಯಿಂದ ಕರೆಂಟ್ ಎಳೆದುಕೊಳ್ಳುವ ಬೇರೆ ಬಗೆಯ ಸಾಧನಗಳಿವೆ. ಕ್ರಿಚ್‌ನ ತಂತಿಯನ್ನು ಕಂಬ, ಬಿಲ್ಲು, ಪ್ಯಾಂಟೋಗ್ರಾಫ್ ಮೂರಕ್ಕೂ ಒಗ್ಗುವಂತೆ ಕಟ್ಟಿದ್ದಾರೆ. ಕರೆಂಟ್ ವಾಪಸ್ ಹೋಗುವುದು ಹಳಿಯ ಮೂಲಕ, ಹಾಗಾಗಿ ಹಳಿಯ ಪ್ರತಿ ಜಾಯಿಂಟಿಗೂ ಎರಡು ತುಂಡನ್ನು ಬೆಸೆಯುವ ತಾಮ್ರದ ತಂತಿ (ಬಾಂಡ್) ಬೇಕು. ಅದು ಕಿತ್ತುಹೋದರೆ ಕರೆಂಟ್ ಮಣ್ಣಿನ ದಾರಿ ಹಿಡಿದು ಹತ್ತಿರದ ನೀರಿನ ಪೈಪನ್ನು ತಿಂದುಹಾಕುತ್ತದೆ.

ಸಂಗ್ರಹದಲ್ಲಿ ಅರವತ್ತಕ್ಕೂ ಹೆಚ್ಚು ಟ್ರಾಮ್‌ಗಳಿವೆ, ಆದರೆ ಒಂದು ದಿನ ಹಳಿಯ ಮೇಲೆ ಇರುವುದು ಬೆರಳೆಣಿಕೆಯಷ್ಟು. ನಿಮಗೆ ಇಂಥದ್ದೇ ಬೇಕು ಅಂತಿದ್ದರೆ ಮೊದಲೇ ವಿಚಾರಿಸಿ ಹೋಗಿ. ನಿಂತಿರುವವುಗಳಲ್ಲಿ ಬಿಡಬಾರದವು: 1885ರ ಬ್ಲ್ಯಾಕ್‌ಪೂಲ್ 4, ಇದಕ್ಕೆ ಕರೆಂಟು ಮೇಲಿನ ತಂತಿಯಿಂದಲ್ಲ, ನೆಲದೊಳಗಿನ ಕಾಲುವೆಯಿಂದ ಬರುತ್ತಿತ್ತು. 1930ರ ಫೆಲ್ಥಂ ಮಾದರಿಯ ಮೆಟ್ರೊಪಾಲಿಟನ್ 331, ಬಾಗಿಲು ನಡುಮಧ್ಯದಲ್ಲಿ. ನ್ಯೂಯಾರ್ಕಿನಲ್ಲಿ 1939ರಲ್ಲಿ ತಯಾರಾಗಿ, ಯುದ್ಧದ ನಂತರ ವಿಯೆನ್ನಾದಲ್ಲಿ ದುಡಿದು, ಕೊನೆಗೆ ಇಲ್ಲಿಗೆ ಬಂದ 674. ಶೆಫೀಲ್ಡ್ ಊರಿನ ಟ್ರಾಮ್ ಯುಗ ಮುಗಿದ 1960ರಲ್ಲಿ ವಿದಾಯಕ್ಕೆಂದು ಚಿತ್ರ ಬರೆದು ಸಿಂಗರಿಸಿದ 510.

ಹೋಗುವ ದಾರಿ: ಡರ್ಬಿಯಿಂದ ಮ್ಯಾಟ್ಲಾಕ್ ಕಡೆಯ ರೈಲು ಹಿಡಿದು ವಾಟ್‌ಸ್ಟ್ಯಾಂಡ್‌ವೆಲ್‌ನಲ್ಲಿ ಇಳಿಯಬೇಕು. ಅಲ್ಲಿಂದ ಹೆಚ್ಚುಕಡಿಮೆ ಒಂದು ಮೈಲಿ, ಪೂರ್ತಿ ಏರು. ಮಂಡಿನೋವಿನವರು ನಡೆಯುವ ಸಾಹಸ ಬೇಡ, ಕಾರಿನಲ್ಲೇ ಹೋಗಿ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ತೆರೆಯುವುದು ಮಾರ್ಚ್ ಹೊತ್ತಿಗೆ, ನವೆಂಬರ್ ಆರಂಭದವರೆಗೆ. ಋತುವಿನ ನಡುವೆಯೂ ವಾರದ ಎಲ್ಲ ದಿನ ತೆರೆದಿರುತ್ತದೆಂದು ಎಣಿಸಬೇಡಿ, ದಿನ ನೋಡಿಕೊಂಡು ಹೊರಡಿ. ಬೀದಿಗೆ ಕಲ್ಲು ಹಾಸಿದೆ, ತಳ್ಳುಗಾಡಿಯ ಚಕ್ರ ಕುಲುಕುತ್ತದೆ. ವೀಲ್‌ಚೇರ್‌ನವರಿಗಾಗಿ 1969ರ ಒಂದು ಬರ್ಲಿನ್ ಟ್ರಾಮನ್ನು ಮಾರ್ಪಡಿಸಿ ಇಟ್ಟಿದ್ದಾರೆ, ಅದು ಬೇಕೆಂದು ಮೊದಲೇ ತಿಳಿಸಿ. ಮೇಲ್ಮಹಡಿ ತೆರೆದ ಗಾಡಿಯಲ್ಲಿ ಜೂನ್ ತಿಂಗಳಲ್ಲೂ ಗಾಳಿ ಕೊರೆಯುತ್ತದೆ, ನಂದಿ ಬೆಟ್ಟದ ಬೆಳಗಿನ ಚಳಿಗೆ ಹಾಕುವ ಸ್ವೆಟರ್ ಇರಲಿ. ಸಸ್ಯಾಹಾರಿಗಳು ಚಪಾತಿಯೋ ಚಿತ್ರಾನ್ನವೋ ಕಟ್ಟಿಕೊಂಡು ಹೋದರೆ ನಿಶ್ಚಿಂತೆ. ಇಡೀ ದಿನ ಬೇಕು. ಅರ್ಧ ದಿನಕ್ಕೆ ಹೋದರೆ ವರ್ಕ್‌ಶಾಪೋ ಗಣಿಯೋ ಒಂದು ತಪ್ಪಿಹೋಗುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಂಗಾರಪೇಟೆಯಿಂದ ಕೋಲಾರಕ್ಕೆ 2 ಅಡಿ 6 ಇಂಚಿನ ಹಳಿ ಬಂದದ್ದು 1913ರಲ್ಲಿ. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ಬ್ರಾಡ್‌ಗೇಜ್ ಆದದ್ದು 2013ರಲ್ಲಿ. ಆ ಪುಟ್ಟ ರೈಲಿನಿಂದ ಈ ನೆಲದಲ್ಲಿ ಉಳಿದದ್ದು ನಂದಿ ಹಾಲ್ಟ್‌ನಂಥ ಕೆಲವು ಕಟ್ಟಡ. ಕಟ್ಟಡ ಉಳಿಸುವವರು ಸಿಕ್ಕಿದ್ದಾರೆ, ಅದು ಸಂತೋಷವೇ. ಆದರೆ ಅದರ ಮುಂದೆ ಉರುಳುವಂಥದ್ದು ಏನೂ ಇಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಯಂತ್ರಗಳ ಕಥೆಯೂ ಹೆಚ್ಚು ಬೇರೆಯಲ್ಲ.

ಇಂಥ ಆಸೆ ಹುಟ್ಟಿದಾಗ ನಮ್ಮಲ್ಲಿ ಮೊದಲು ಎಂಜಿನ್ ಬೇಕು ಅನ್ನುತ್ತಾರೆ. ತಂದು ಬಯಲಿನಲ್ಲಿ ಸಿಮೆಂಟ್ ಕಟ್ಟೆಯ ಮೇಲೆ ನಿಲ್ಲಿಸಿ ಬಣ್ಣ ಬಳಿಯುತ್ತಾರೆ, ಎರಡು ಮಳೆಗಾಲಕ್ಕೆ ಬುಡ ತುಕ್ಕು. ಕ್ರಿಚ್‌ನವರು ಗಾಡಿ ಮೊದಲು ಕೊಂಡು ಹನ್ನೆರಡು ವರ್ಷ ಅಲೆದರು. ಆ ಪಾಠ ಕಲಿತು ಮುಂದಿನದನ್ನು ಸರಿಯಾದ ಸರದಿಯಲ್ಲಿ ಮಾಡಿದರು. ಜಾಗ, ಹಳಿ, ಕುದುರೆ, ಆಮೇಲೆ ಕರೆಂಟು. ನಮ್ಮಲ್ಲಿ ಯಾರಾದರೂ ಕೈಹಾಕುವುದಾದರೆ ಮೊದಲು ಬೇಕಾದ್ದು ಮೇಲೆ ಶೀಟು ಹೊದಿಸಿದ, ಒಳಗೆ ಗಾಡಿಯಡಿ ಇಳಿದು ಕೆಲಸ ಮಾಡುವ ಗುಂಡಿ (ಪಿಟ್) ಇರುವ ಒಂದು ಶೆಡ್, ದೊಡ್ಡ ಚಕ್ರ ಹಿಡಿಯುವ ಒಂದು ಲೇತ್. ಆಮೇಲೆ 762 ಮಿಲಿಮೀಟರ್ ಗೇಜಿನ ಇನ್ನೂರು ಮೀಟರ್ ಹಳಿ, ಪಕ್ಕದಲ್ಲಿ ನೀರು ಹರಿದುಹೋಗುವ ಚರಂಡಿ. ಅದರ ಮೇಲೆ ಒಂದು ವರ್ಷ ಬರೀ ತಳ್ಳುವ ಟ್ರಾಲಿ ಓಡಲಿ: ಹಳಿ ಎಲ್ಲಿ ಕುಸಿಯುತ್ತದೆ, ತಿರುವಿನಲ್ಲಿ ಎಲ್ಲಿ ಅಗಲವಾಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಕೈಗಳಿಗೇನೂ ಇಲ್ಲಿ ಬರವಿಲ್ಲ. ತುಮಕೂರಿನ ಹೆಚ್‌ಎಂಟಿಯಲ್ಲಿ ಸೂಕ್ಷ್ಮ ಕೆಲಸ ಕಲಿತವರು, ಬೆಮೆಲ್‌ನ ಫಿಟ್ಟರ್‌ಗಳು, ಬಂಗಾರಪೇಟೆಯ ಹಳೇ ಗ್ಯಾಂಗ್‌ಮನ್‌ಗಳು, ಗಣಿಯ ಡಿಸಿ ಮೋಟಾರ್ ನೋಡಿಕೊಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಒಬ್ಬರನ್ನಾದರೂ ಕ್ರಿಚ್‌ಗೆ ಕರೆದುಕೊಂಡು ಹೋಗಿ. ಗ್ಯಾಲರಿಯಿಂದ ಇಳಿದ ಮೇಲೆ ವರ್ಕ್‌ಶಾಪಿನವರು ಮಾತಿಗೆ ಸಿಕ್ಕಿದರೆ ಟೈರಿನ ಬಿಗಿ, ಆರ್ಮೇಚರ್ ವಾರ್ನಿಷ್, ಎರಕದ ಅಚ್ಚು ಈ ಮೂರರ ಬಗ್ಗೆ ಕೇಳಿ, ಹೇಳಿದ್ದನ್ನು ಅಳತೆ ಸಮೇತ ಬರೆದುಕೊಂಡು ಬನ್ನಿ.